ಎಂಟನೆಯ ಹಾಡಿನ ಮಾತು

ತಾನೇ ಹಾಡಿದ ಹಾಡಿನ ಮಾತು ತನಗೇ ತಿಳಿಯದೆ ಗುಟುರು ಮೂರು ಸಂಜೆಯಿಂದ ಊಟದ ಮೇಜಿಗೆ ಅಂಟಿಕೊಂಡು ಕೂತಿದ್ದ. ಕಿವಿಗೆ ಮಗಳ ಹೆಡ್‌ಫೋನ್, ಕೈಯಲ್ಲಿ ಪೆನ್ಸಿಲ್, ಮುಂದೆ ಗೆರೆ ಹಾಳೆ. ಒಂದು ಸಾಲು ಕೇಳುವುದು, ಹಿಂದಕ್ಕೆ ಓಡಿಸುವುದು, ಮತ್ತೆ ಕೇಳುವುದು. ಹಾಳೆಯ ಮೇಲೆ ಇಷ್ಟರಲ್ಲಿ ಹನ್ನೊಂದು ಪದ ಬಿದ್ದಿದ್ದವು. ನಾಲ್ಕರ ಪಕ್ಕ ಪ್ರಶ್ನಾರ್ಥಕ ಚಿಹ್ನೆ.

"ತಟ್ಟೆ ಇಡಬೇಕು, ಸ್ವಲ್ಪ ಏಳ್ತೀರಾ?" ಎಂದಳು ಹೆಂಡತಿ. ಅವನಿಗೆ ಕೇಳಿಸಲಿಲ್ಲ. ಅವಳು ಹಾಳೆಯ ಮೇಲೆಯೇ ತಟ್ಟೆ ಇಟ್ಟಳು.

ಮೂವತ್ತು ವರ್ಷದ ಹಿಂದೆ, ಇಪ್ಪತ್ತೊಂದರ ವಯಸ್ಸಿನಲ್ಲಿ, ಅವನು ಮೂವರು ಗೆಳೆಯರ ಜೊತೆ ಸೇರಿ 'ಒದ್ದೆ ಕಲ್ಲು' ಎಂಬ ಕ್ಯಾಸೆಟ್ ಮಾಡಿದ್ದ. ಡೆತ್ ಮೆಟಲ್ ಎನ್ನುವ ಸಂಗೀತ ಅದು. ತಂತಿ ಸಡಿಲಿಸಿ ದನಿ ತಗ್ಗಿಸಿದ ಗಿಟಾರುಗಳು, ಎರಡೂ ಕಾಲಿನಿಂದ ಒದ್ದು ಬಾರಿಸುವ ಡ್ರಮ್ಮು, ಅದರ ಮೇಲೆ ಹೊಟ್ಟೆಯಾಳದಿಂದ ಎಬ್ಬಿಸಿದ, ಹೋರಿ ಗುಟುರು ಹಾಕಿದಂಥ ಗಂಟಲು. ಎಂಟು ಹಾಡು, ಎಂಟೂ ಸಾವಿನವು. ಗೆಳೆಯರು ಅವನಿಗೆ ಗುಟುರು ಎಂದು ಹೆಸರಿಟ್ಟದ್ದು ಆಗ. ಈಗ ಕೆಲಸ ಮಾಡುವ ಗಾಜಿನ ಅಂಗಡಿಯಲ್ಲೂ ಅವನಿಗೆ ಅದೇ ಹೆಸರು. ಯಾಕೆಂದು ಅಲ್ಲಿ ಯಾರಿಗೂ ಗೊತ್ತಿಲ್ಲ. ಮುಂಗೋಪಿ ಇರಬೇಕು ಎಂದುಕೊಂಡಿದ್ದಾರೆ.

ಒಂದು ಕಾಲಕ್ಕೆ ಆ ಅಂಗಡಿ ಅವನದೇ ಆಗಿತ್ತು. ಕಾರ್ಖಾನೆಯಿಂದ ಕಿಟಕಿಗಳು ಚೌಕಟ್ಟಿನ ಸಮೇತ ಸಿದ್ಧವಾಗಿ ಬರತೊಡಗಿದ ಮೇಲೆ ಅದು ಕೈಬಿಟ್ಟುಹೋಗಿ, ಈಗ ಅಲ್ಲೇ ಇನ್ನೊಬ್ಬನ ಕೆಳಗೆ ಕನ್ನಡಿ ಕೊಯ್ಯುತ್ತಿದ್ದ. ಮನೆಗೆ ಬಂದರೆ ಗೋಡೆ ನೋಡುತ್ತ ಕೂರುತ್ತಿದ್ದ. ಅಂಥವನಿಗೆ ದೂರದ ಊರಿನ ಒಂದು ರೆಕಾರ್ಡ್ ಕಂಪನಿಯಿಂದ ಪತ್ರ ಬಂದಿತ್ತು. ಆ ಕ್ಯಾಸೆಟ್ಟಿನ ಪ್ರತಿಗಳು ಇಷ್ಟು ವರ್ಷ ಕೈಯಿಂದ ಕೈಗೆ ಹೋಗಿ, ಗೊತ್ತಿರುವವರ ನಡುವೆ ಅದು ಈಗ ದೊಡ್ಡ ಕೃತಿ ಎನಿಸಿಕೊಂಡಿದೆಯಂತೆ. ಅದನ್ನು ಗ್ರಾಮಫೋನಿನ ಕಪ್ಪು ತಟ್ಟೆಯಾಗಿ ಮತ್ತೆ ಹೊರತರುತ್ತಾರಂತೆ, ಜೊತೆಗೆ ಒಂದು ಪುಸ್ತಿಕೆ. ಎಂಟೂ ಹಾಡಿನ ಮಾತುಗಳನ್ನು ಬರೆದು ಕಳಿಸಬೇಕು.

ಅಂದಿನಿಂದ ಅವನು ದಿನಾ ಗಡ್ಡ ಹೆರೆದುಕೊಂಡು ಕೆಲಸಕ್ಕೆ ಹೋಗುತ್ತಿದ್ದ.

ಮಗಳನ್ನು ಮನೆಯಲ್ಲಿ ಕಡ್ಡಿ ಎಂದು ಕರೆಯುತ್ತಿದ್ದರು. ಇಪ್ಪತ್ತೆರಡು ವಯಸ್ಸು, ಇರುವುದೂ ಕಡ್ಡಿಯ ಹಾಗೆ, ಮಾತೂ ಕಡ್ಡಿ ಮುರಿದ ಹಾಗೆ. ಕಾಲೇಜೊಂದರ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಟೈಪಿಂಗ್ ಅವಳ ಕೆಲಸ. ನಾಲ್ಕನೆಯ ಸಂಜೆ ಅವಳು ಅಪ್ಪನ ಕಿವಿಯಿಂದ ಹೆಡ್‌ಫೋನ್ ಕಿತ್ತುಕೊಂಡು, ಅಡುಗೆಮನೆಯ ಕಟ್ಟೆಯ ಮೇಲೆ ಫೋನಿಟ್ಟು ಹಾಡು ಹಾಕಿದಳು. ತಾನು ಆಲೂಗಡ್ಡೆ ಸಿಪ್ಪೆ ತೆಗೆಯುತ್ತ, "ಇಲ್ಲಿ ಉಗುರು ಬೆಳೆಯಿತು ಅಂತಿದೆಯಾ, ಅಪ್ಪ?" ಎಂದು ಕೂಗಿ ಕೇಳಿದಳು.

ಉತ್ತರ ಬಂದದ್ದು ಒಲೆಯ ಮುಂದಿನಿಂದ. ಅಲ್ಲಿ ಈರುಳ್ಳಿ ಹುರಿಯುತ್ತಿದ್ದವಳು ಗುಟುರಿನ ಅಕ್ಕ.

"ಬೆಳೆಯಿತು ಅಲ್ಲ. 'ಉಗುರು ಬೆಳೆದಿಲ್ಲ, ಬೆರಳು ಹಿಂದೆ ಸರಿದಿದೆ.' ಸತ್ತಮೇಲೆ ಉಗುರು ಬೆಳೆಯುತ್ತೆ ಅಂತ ಜನ ಅಂದ್ಕೊಂಡಿರ್ತಾರೆ. ಚರ್ಮ ಒಣಗಿ ಹಿಂದಕ್ಕೆ ಹೋಗೋದು, ಅಷ್ಟೇ."

"ಮುಂದೆ?"

ಅಕ್ಕ ಮುಂದಿನ ಸಾಲನ್ನೂ ಹೇಳಿದಳು, ಅದರ ಮುಂದಿನದನ್ನೂ ಹೇಳಿದಳು. ಈರುಳ್ಳಿ ಸೀದಿತು.

ಅಕ್ಕನಿಗೆ ಐವತ್ತೇಳು. ಮದುವೆಯಾಗಿರಲಿಲ್ಲ; ತಮ್ಮನ ಸಂಸಾರದ ಜೊತೆಗೇ ಇದ್ದಳು. ಇಪ್ಪತ್ತನೆಯ ವಯಸ್ಸಿನಿಂದ ದೊಡ್ಡಾಸ್ಪತ್ರೆಯ ಶವಾಗಾರದಲ್ಲಿ ಹೆಣ ತೊಳೆಯುವ ಕೆಲಸ ಮಾಡಿದ್ದಳು, ಈಗ ಅಲ್ಲಿನ ಕೆಲಸದವರಿಗೆಲ್ಲ ಮೇಲ್ವಿಚಾರಕಿ. ಮನೆಯವರು ಹೊರಗೆ ಹೇಳುತ್ತಿದ್ದದ್ದು ಬೇರೆ: ಆಸ್ಪತ್ರೆಯ ಬಟ್ಟೆ ವಿಭಾಗದಲ್ಲಿದ್ದಾಳೆ ಎಂದು. ಮೊದಮೊದಲು ಅವಳು ಊಟಕ್ಕೆ ಕೂತಾಗ ಅಂದು ಕಂಡದ್ದನ್ನು ಹೇಳಹೊರಟರೆ ತಾಯಿ ತಟ್ಟೆ ಎತ್ತಿಕೊಂಡು ಎದ್ದುಹೋಗುತ್ತಿದ್ದಳು. ಹೇಳದೆ ಇರಲೂ ಆಗದೆ ಅವಳು ಒಂದು ನೋಟುಬುಕ್ಕಿನಲ್ಲಿ ಬರೆಯತೊಡಗಿದಳು. ಕಥೆಯಲ್ಲ, ಕವಿತೆಯಲ್ಲ. ಒದ್ದೆ ಕಲ್ಲು, ಹಗ್ಗದ ಗುರುತು, ಮುಷ್ಟಿಯೊಳಗೆ ಉಳಿದಿದ್ದ ಬಸ್ ಟಿಕೀಟು. ಆ ನೋಟುಬುಕ್ಕನ್ನು ತಮ್ಮ ತೆಗೆದುಕೊಂಡು ಹೋಗಿ ಹಾಡಿದ. ಡ್ರಮ್ಮಿನವನ ಕೋಣೆಯಲ್ಲಿ ಅದು ಎಲ್ಲಿಯೋ ಕಳೆದುಹೋಯಿತು. ಆ ಡ್ರಮ್ಮಿನವನೂ ಈಗಿಲ್ಲ.

ಆ ವಾರವಿಡೀ ಅತ್ತೆ ಹೇಳುತ್ತ ಹೋದಳು, ಕಡ್ಡಿ ಬರೆದುಕೊಳ್ಳುತ್ತ ಹೋದಳು. ಬಟ್ಟೆ ಮಡಿಸುವಾಗ ಒಂದು ಹಾಡು, ಪಾತ್ರೆ ತೊಳೆಯುವಾಗ ಇನ್ನೊಂದು. ಕ್ಯಾಸೆಟ್ಟನ್ನು ಅಕ್ಕ ಇಷ್ಟು ವರ್ಷದಲ್ಲಿ ಪೂರ್ತಿಯಾಗಿ ಒಮ್ಮೆಯೂ ಕೇಳಿರಲಿಲ್ಲವೆಂದು ಕಡ್ಡಿಗೆ ಆಗ ಗೊತ್ತಾಯಿತು. ಯಾರೂ ಕೇಳಿಸಿರಲಿಲ್ಲ, ಇವಳೂ ಹಾಕಿ ಎಂದಿರಲಿಲ್ಲ.

ಕಡ್ಡಿಗೂ ಮೊದಲ ಸಲ ಅದು ಲಾರಿಯಿಂದ ಜಲ್ಲಿ ಸುರಿದ ಹಾಗೆಯೇ ಇತ್ತು. ಮೂರ್ನಾಲ್ಕು ಸಲ ಕೇಳಿದ ಮೇಲೆ ಆ ಜಲ್ಲಿಯೊಳಗೆ ದಾರಿ ಕಾಣತೊಡಗಿತು. ಎಡಗಿವಿಯ ಗಿಟಾರು ಒಂದು ಮಾತು ಹೇಳಿದರೆ ಬಲಗಿವಿಯದು ಅದನ್ನೇ ಅರ್ಧ ಸ್ವರ ಕೆಳಗಿಳಿಸಿ ಹೇಳುತ್ತಿತ್ತು. ಡ್ರಮ್ಮು ಓಡುತ್ತ ಓಡುತ್ತ ತಟ್ಟನೆ ನಿಂತಾಗ ಆ ಖಾಲಿ ಜಾಗದಲ್ಲಿ ಅಪ್ಪನ ಉಸಿರು ಕೇಳಿಸುತ್ತಿತ್ತು. ಮೂರನೆಯ ಹಾಡಿನ ನಡುವೆ ಎಲ್ಲವೂ ನಿಧಾನವಾಗಿ, ಪ್ರತಿ ಪೆಟ್ಟನ್ನೂ ನೆಲದಿಂದ ಕಿತ್ತು ತರುವ ಹಾಗೆ ಆಗುತ್ತದೆ. ಅಲ್ಲಿ ಅಕ್ಕ ಮಡಿಸುತ್ತಿದ್ದ ಚಾದರವನ್ನು ಮಡಿಲಲ್ಲಿಟ್ಟುಕೊಂಡು ಮತ್ತೊಮ್ಮೆ ಹಾಕಲು ಹೇಳಿದಳು.

"ಇದು ಸರಿಯಾಗಿದೆ ಕಣೇ," ಎಂದಳು. "ಇಬ್ಬರು ಹಿಡಿದು ಎತ್ತುವಾಗ ಹೀಗೇನೇ. ಮೊದಲು ಬರೋದೇ ಇಲ್ಲ. ಆಮೇಲೆ ಒಂದೇ ಸಲಕ್ಕೆ ಬರುತ್ತೆ. ಇವನು ಒಂದು ದಿನವೂ ಒಳಗೆ ಬಂದವನಲ್ಲ. ಆದರೂ ಆ ಭಾರ ಹೇಗೋ ಹಿಡಿದಿದ್ದಾನೆ."

ಅವಳ ಮುಖದಲ್ಲಿ ಅಂಥ ಗೆಲುವನ್ನು ಕಡ್ಡಿ ನೋಡಿರಲಿಲ್ಲ. ಮರುದಿನ ಡಬ್ಬಿ ಕಟ್ಟುವಾಗ ಅತ್ತೆ ಆ ನಿಧಾನದ ಭಾಗವನ್ನು ಬಾಯೊಳಗೇ ಗುನುಗುತ್ತಿದ್ದಳು.

ಗುಟುರಿನ ಹೆಂಡತಿಗೆ ಇದು ಸರಿಬರಲಿಲ್ಲ. ಅವಳು ಸಿದ್ಧ ಉಡುಪಿನ ಅಂಗಡಿಯಲ್ಲಿ ಪ್ಯಾಂಟುಗಳ ಅಂಚು ಹೊಲಿದು ಬೆನ್ನು ನೋಯಿಸಿಕೊಂಡು ಬರುವವಳು. ಬಂದರೆ ಅಡುಗೆಮನೆಯಲ್ಲಿ ಹೆಣದ ಮಾತು. ಇಪ್ಪತ್ತೈದು ವರ್ಷ ಮುಚ್ಚಿಟ್ಟದ್ದನ್ನು ಪಕ್ಕದ ಮನೆಗೆ ಕೇಳುವ ಹಾಗೆ ಹಾಡಿಸಬೇಕಾ ಎಂದು ಒಂದೆರಡು ಸಲ ಗೊಣಗಿದಳು. ಆದರೆ ಗಂಡ ಗೋಡೆ ಬಿಟ್ಟು ಮನುಷ್ಯರನ್ನು ನೋಡಲು ಶುರುಮಾಡಿದ್ದನಲ್ಲ, ಅದಕ್ಕೆ ಬಾಯಿ ಕಟ್ಟಿಕೊಂಡಳು.

ಏಳು ಹಾಡು ಮುಗಿದವು. ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಕಡ್ಡಿ ಟೈಪು ಮಾಡಿದ ಹಾಳೆಗಳನ್ನು ಅಪ್ಪನ ಮುಂದಿಟ್ಟು, ಮೇಲೆ ಹೆಸರು ಏನು ಹಾಕಲಿ ಎಂದು ಕೇಳಿದಳು.

"ಕ್ಯಾಸೆಟ್ಟಿನ ಮೇಲೆ ಇದ್ದ ಹಾಗೆ. ಮಾತು, ಗಾಯನ ಎರಡೂ ನಂದೇ."

"ಮಾತು ಅತ್ತೇದು."

"ನೋಟುಬುಕ್ಕು ಅವಳದು. ಹಾಡು ಮಾಡಿದವನು ನಾನು. ಹಾಲು ಕೊಟ್ಟ ಹಸುವಿನ ಹೆಸರನ್ನ ಕಾಫಿ ಲೋಟದ ಮೇಲೆ ಯಾರಾದರೂ ಬರೀತಾರಾ?"

ತಮಾಷೆಗೆಂದೇ ಅವನು ಅಂದಿದ್ದ. ಹೆಂಡತಿ ನಕ್ಕಳು. ಅಕ್ಕ ಅವನ ತಟ್ಟೆಗೆ ಇನ್ನೊಂದು ಸೌಟು ಬೇಳೆ ಹಾಕಿ, "ಅಂತೂ ನನ್ನನ್ನ ಹಸು ಮಾಡಿದೆ," ಎಂದಳಷ್ಟೇ. ಹೆಸರು ತನಗೆ ಬೇಡವೆಂದೂ, ಇಷ್ಟು ವರ್ಷ ಬಟ್ಟೆ ವಿಭಾಗದವಳಾಗಿ ಬದುಕಿದವಳು ಈಗ ಪುಸ್ತಿಕೆಯಲ್ಲಿ ಮೆರೆಯಬೇಕಾಗಿಲ್ಲವೆಂದೂ ಆಮೇಲೆ ಕಡ್ಡಿಗೆ ಹೇಳಿದಳು. ಎಂಟನೆಯದನ್ನು ಮಾತ್ರ ಇವತ್ತು ಬೇಡ, ನಾಳೆ ನೋಡೋಣ ಎಂದು ಮುಂದೂಡುತ್ತಿದ್ದಳು.

ಮುಂದಿನ ವಾರ ಕಂಪನಿಯ ಪರವಾಗಿ ಒಬ್ಬ ತರುಣಿ ಮನೆಗೆ ಬಂದಳು. ಪುಸ್ತಿಕೆಗೆ ಮುನ್ನುಡಿ ಬರೆಯುವವಳು. ಕಪ್ಪು ಅಂಗಿ, ಚಿಕ್ಕ ರೆಕಾರ್ಡರು, ಕಣ್ಣಲ್ಲಿ ನಿಜವಾದ ಭಕ್ತಿ. ಮೂರನೆಯ ಹಾಡಿನ ಹನ್ನೆರಡನೆಯ ಸೆಕೆಂಡಿನಲ್ಲಿ ಕೇಳುವ ಕಿರ್ ಎಂಬ ಸದ್ದು ಕುರ್ಚಿಯದಾ ಎಂದು ಕೇಳಿದಳು. ಹೌದು, ಡ್ರಮ್ಮಿನವನ ಮುರುಕು ಕುರ್ಚಿ ಎಂದು ಗುಟುರು ಹಿಗ್ಗಿಹೋದ. ಇಂಥ ಸಂಗೀತದಲ್ಲಿ ಸಾವನ್ನು ಎಲ್ಲರೂ ರಾಕ್ಷಸರ ಹಾಗೆ ಕಟ್ಟುತ್ತಾರೆ, ನೀವೊಬ್ಬರೇ ಅದನ್ನು ಕೆಲಸದ ಹಾಗೆ ನೋಡಿದ್ದೀರಿ, ಅದು ಹೇಗೆ ಬಂತು ಎಂದು ಅವಳು ಕೇಳಿದಳು.

ಗುಟುರು ಸ್ವಲ್ಪ ಹೊತ್ತು ತನ್ನ ಅಂಗೈಯ ಗಾಜಿನ ಗೀರುಗಳನ್ನು ನೋಡಿಕೊಂಡ. "ನಮ್ಮಪ್ಪ ತೀರಿಕೊಂಡಾಗ ನಾನೇ ತೊಳೆದೆ," ಎಂದ. "ಈ ಕೈಯಿಂದಲೇ. ಎಂಟನೇ ಹಾಡು ಅದೇ."

ಅಕ್ಕ ಟೀ ಹಿಡಿದುಕೊಂಡು ಬಾಗಿಲ ಹತ್ತಿರ ಬಂದಿದ್ದಳು. ಅವಳು ನಿಂತದ್ದನ್ನು ಕಡ್ಡಿ ನೋಡಿದಳು. ತರುಣಿ ಎದ್ದು ಲೋಟ ತೆಗೆದುಕೊಳ್ಳುತ್ತ ಇವರು ಯಾರು ಎಂಬಂತೆ ನೋಡಿದಾಗ ಗುಟುರು, "ನಮ್ಮಕ್ಕ. ಆಸ್ಪತ್ರೆಯಲ್ಲಿ ಬಟ್ಟೆ ವಿಭಾಗ," ಎಂದ.

ಅಕ್ಕ ಸಕ್ಕರೆ ಸರಿಯಾಗಿದೆಯಾ ಎಂದು ಕೇಳಿ ಒಳಗೆ ಹೋದಳು.

ಅವರ ಅಪ್ಪ ಸತ್ತದ್ದು ಬಸ್ಸಿನಲ್ಲಿ. ಯಾರೆಂದು ಗೊತ್ತಿಲ್ಲದ ಹೆಣವಾಗಿ ಶವಾಗಾರಕ್ಕೆ ಬಂದಾಗ ಪಾಳಿಯಲ್ಲಿದ್ದವಳು ಅಕ್ಕ. ಹೊದಿಕೆ ಸರಿಸಿದವಳೂ ಅವಳೇ. ಬೇರೆ ಯಾರಾದರೂ ಮಾಡುತ್ತೇವೆಂದರೂ ಕೇಳದೆ ಅವಳೇ ತೊಳೆದಿದ್ದಳು. ತಮ್ಮನಿಗೆ ಹೇಳಿ ಕಳಿಸಿದ್ದಳು, ಅವನು ಬಂದಿರಲಿಲ್ಲ.

ತರುಣಿ ಮೆಟ್ಟಿಲಿಳಿದು ಹೋದಮೇಲೆ ಅಕ್ಕ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ದನಿ ಏರಿಸಲಿಲ್ಲ.

"ಆ ಒಂದು ಮಾತು ತೆಗೆಸು. ಹೆಸರು, ಹಾಡು ಎಲ್ಲ ನೀನೇ ಇಟ್ಕೋ. ಅಪ್ಪನ್ನ ತೊಳೆದೆ ಅಂದದ್ದು ಬೇಡ."

"ಬಾಯಿಂದ ಬಂತು, ಅಕ್ಕ. ಈಗ ಹೇಗೆ ತೆಗೆಸಲಿ? ಸುಳ್ಳು ಹೇಳಿದೆ ಅಂತ ಹೇಳ್ಲಾ?"

"ಹೇಳು."

ಗುಟುರು ಎದ್ದು ಕಿಟಕಿಯ ಬಳಿ ಹೋದ. ಅಂದು ತಾನು ಬಂದಿದ್ದೆ ಎಂದ. ಆಸ್ಪತ್ರೆಯ ಗೇಟಿನವರೆಗೆ ಬಂದು, ಆ ಕಟ್ಟಡದ ಹಿಂಬಾಗಿಲು ನೋಡಿ, ಕಾಲು ಬಾರದೆ ಗೋಡೆಗೊರಗಿ ನಿಂತಿದ್ದೆ. ಕತ್ತಲಾಗುವವರೆಗೂ ಅಲ್ಲೇ ಇದ್ದೆ. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ.

"ಮೂವತ್ತು ವರ್ಷದಿಂದ ತಲೆಯಲ್ಲಿ ಅವರನ್ನ ತೊಳೀತಾನೇ ಇದೀನಿ," ಎಂದ.

"ತಲೆಯಲ್ಲಿ ತೊಳೆದರೆ ಹೆಣ ಒದ್ದೆ ಆಗಲ್ಲ," ಎಂದಳು ಅಕ್ಕ.

ಹೆಂಡತಿ ನಡುವೆ ಬಂದಳು. "ಇವರು ಮನುಷ್ಯರ ಹಾಗೆ ಆಗಿ ಒಂದು ತಿಂಗಳಾಯ್ತು, ಅತ್ತಿಗೆ. ಅದನ್ನೂ ಕಿತ್ಕೋಬೇಡಿ. ಒಂದು ಮಾತಿನಿಂದ ನಿಮಗೆ ಏನು ಕಮ್ಮಿ ಆಗುತ್ತೆ?"

ತಮ್ಮ, ಎಂಟನೆಯದರ ಮಾತು ಬಾಕಿ ಇದೆ, ಅದಷ್ಟು ಹೇಳಿಬಿಡು, ಶುಕ್ರವಾರದೊಳಗೆ ಕಳಿಸಬೇಕು ಎಂದ.

"ತೊಳೆದವನು ನೀನು," ಎಂದಳು ಅಕ್ಕ. "ನಿನಗೇ ಗೊತ್ತಿರಬೇಕಲ್ಲ."

ಆಮೇಲಿನ ದಿನಗಳಲ್ಲಿ ಮನೆಯಲ್ಲಿ ಜಗಳವಾಗಲಿಲ್ಲ. ಆಗಿದ್ದರೆ ಚೆನ್ನಾಗಿತ್ತು. ಅಕ್ಕ ಎಂದಿನಂತೆ ಐದು ಗಂಟೆಗೆ ಎದ್ದು ನಾಲ್ವರಿಗೂ ಅಡುಗೆ ಮಾಡಿ, ತನ್ನ ಪಾಲನ್ನು ಡಬ್ಬಿಗೆ ಹಾಕಿಕೊಂಡು ಹೊರಟುಬಿಡುತ್ತಿದ್ದಳು. ಮನೆಯಲ್ಲಿ ಕೂತು ಉಣ್ಣುವುದನ್ನು ಬಿಟ್ಟಳು. ಗುಟುರು ಮತ್ತೆ ಮೇಜಿನ ಮುಂದೆ ಹೆಡ್‌ಫೋನ್ ಹಾಕಿಕೊಂಡು ಕೂತ. ಎಂಟನೆಯ ಹಾಡಿನಲ್ಲಿ ಅವನು ಎಲ್ಲಕ್ಕಿಂತ ಆಳಕ್ಕೆ ಇಳಿದಿದ್ದ. ಅಲ್ಲಿ ಪದ ಎಂಬುದೇ ಇಲ್ಲ, ಒಂದೇ ಉಸಿರಿನ ಮೊರೆತ.

ಕಡ್ಡಿ ಅಂಗಡಿಯಲ್ಲಿ ಬಿಡುವಾದಾಗ ಕಂಪನಿಗೆ ಪತ್ರ ಬರೆದಳು. ಮಾತು ಬರೆದವರು ತನ್ನ ಅತ್ತೆಯೆಂದೂ, ಅಪ್ಪ ಹೆಣ ತೊಳೆದೆ ಎಂದು ಹೇಳಿದ್ದು ನಿಜವಲ್ಲವೆಂದೂ ಬರೆದು, ಯಾರಿಗೂ ಹೇಳದೆ ಕಳಿಸಿದಳು. ಅವರು ಮರ್ಯಾದೆಯಾಗಿಯೇ ಉತ್ತರ ಕೊಟ್ಟರು: ಇದನ್ನು ನಿಮ್ಮ ತಂದೆಯವರೇ ಖಚಿತಪಡಿಸಬೇಕು. ಅದರ ಒಂದು ಪ್ರತಿಯನ್ನು ತಂದೆಯವರಿಗೇ ಕಳಿಸಿದರು.

ಗುಟುರು ಅದನ್ನು ಊಟದ ಮೇಜಿನ ಮೇಲಿಟ್ಟು ಮಗಳನ್ನು ಕರೆದ. "ನನ್ನ ಮಗಳೇ ನನ್ನ ಕಾಲ ಕೆಳಗೆ ಗುಂಡಿ ತೋಡ್ತಾಳೆ," ಎಂದ.

"ನಿಜ ಬರೆದೆ, ಅಪ್ಪ."

"ನಿಜ ಬರೆಯೋಕೆ ಎರಡು ಜೀವನ ಇರಬೇಕು. ನನಗಿರೋದು ಇದೊಂದೇ ಕ್ಯಾಸೆಟ್ಟು."

ಎಂಟು ದಿನ ಅವನು ಅವಳ ಜೊತೆ ಮಾತಾಡಲಿಲ್ಲ. ಅತ್ತೆಗೆ ವಿಷಯ ಗೊತ್ತಾದಾಗ ಅವಳೂ ಸಂತೋಷಪಡಲಿಲ್ಲ. ನನ್ನನ್ನು ಕೇಳದೆ ನನ್ನ ಪರವಾಗಿ ಯಾಕೆ ಬರೆದೆ, ಅವನು ಮಾಡಿದ್ದೂ ಅದನ್ನೇ ಅಲ್ಲವಾ ಎಂದಳು. ಆ ತಿಂಗಳ ಕೊನೆಗೆ ಆಸ್ಪತ್ರೆಯ ನೌಕರರ ವಸತಿಯಲ್ಲಿ ಒಂದು ಕೋಣೆ ಸಿಕ್ಕಿತೆಂದು ಎರಡು ಪೆಟ್ಟಿಗೆ ಮತ್ತು ಒಂದು ಕುಕ್ಕರು ತೆಗೆದುಕೊಂಡು ಹೊರಟುಹೋದಳು. ಗುಟುರೇ ಪೆಟ್ಟಿಗೆಗಳನ್ನು ಮೂರು ಮಹಡಿ ಇಳಿಸಿ ಆಟೋಗೆ ಹಾಕಿದ. ಇಬ್ಬರೂ ಪೆಟ್ಟಿಗೆಯ ಹಿಡಿ ಸಡಿಲವಾಗಿದೆ ಎಂಬ ಬಗ್ಗೆ ಮಾತ್ರ ಮಾತಾಡಿದರು.

ಅವಳು ಹೋದ ಮೇಲೆ ಮನೆಯ ಕೀಲು ತಪ್ಪಿತು. ಬೆಳಗಿನ ಅಡುಗೆ ಹೆಂಡತಿಯ ಮೇಲೆ ಬಿತ್ತು. ಅವಳು ಎರಡು ದಿನ ಕೆಲಸಕ್ಕೆ ತಡವಾಗಿ ಹೋಗಿ ಬೈಸಿಕೊಂಡಳು. ಬೇಳೆ ಹಳಸಿತು, ಒಗೆದ ಬಟ್ಟೆ ಬಕೆಟ್ಟಿನಲ್ಲೇ ಮುಗ್ಗಲು ಹಿಡಿಯಿತು. ಅತ್ತಿಗೆ ಇದ್ದಾಗ ಸಂಕಟ, ಹೋದಾಗ ಇನ್ನೊಂದು ಸಂಕಟ ಎಂದು ಅವಳು ಪಾತ್ರೆಗಳ ಜೊತೆ ಹೇಳಿಕೊಳ್ಳುತ್ತಿದ್ದಳು. ಒಂದು ಸಂಜೆ ಉಪ್ಪಿಲ್ಲದ ಊಟ ಬಡಿಸಿ, ಯಾರೂ ಏನೂ ಅನ್ನದಿದ್ದಾಗ ತಾನೇ ಅಳತೊಡಗಿದಳು.

ರೆಕಾರ್ಡು ಬಂತು. ದಪ್ಪ ರಟ್ಟಿನ ಹೊದಿಕೆ, ಹೊಳೆಯುವ ಕಪ್ಪು ತಟ್ಟೆ, ಹದಿನಾರು ಪುಟದ ಪುಸ್ತಿಕೆ. ಮಾತು, ಗಾಯನ: ಗುಟುರು. ಮುನ್ನುಡಿಯಲ್ಲಿ ತರುಣಿ ತಂದೆಯ ಹೆಣ ತೊಳೆದ ಮಗನ ಬಗ್ಗೆ ಎರಡು ಪುಟ ಬರೆದಿದ್ದಳು, ಚೆನ್ನಾಗಿಯೇ ಬರೆದಿದ್ದಳು. ಎಂಟನೆಯ ಹಾಡಿನ ಪುಟ ಖಾಲಿ. 'ಈ ದುಃಖವನ್ನು ಅಕ್ಷರಕ್ಕಿಳಿಸಲು ಗಾಯಕರು ಒಪ್ಪಲಿಲ್ಲ' ಎಂದು ಕೆಳಗೆ ಸಣ್ಣದಾಗಿ ಹಾಕಿದ್ದರು. ಕೊನೆಯ ಪುಟದಲ್ಲಿ ಕೃತಜ್ಞತೆಗಳು. ಡ್ರಮ್ಮಿನವನ ನೆನಪಿಗೆ, ಹೆಂಡತಿಗೆ, ಮಗಳಿಗೆ. ಅದಾದ ಮೇಲೆ: 'ಆ ದಿನಗಳಲ್ಲಿ ಹೊತ್ತುಹೊತ್ತಿಗೆ ಊಟ ಹಾಕಿದ ನನ್ನ ಅಕ್ಕನಿಗೆ.'

ಅದೇ ವಾರದ ಶನಿವಾರ ಸಂಜೆ ಚಿಕ್ಕ ಸಭಾಂಗಣದಲ್ಲಿ ಕಾರ್ಯಕ್ರಮವಿತ್ತು. ಉಳಿದಿದ್ದ ಇಬ್ಬರು ಗೆಳೆಯರು ಬಂದರು, ಡ್ರಮ್ಮಿಗೆ ಹೊಸಬನೊಬ್ಬ. ಕಡ್ಡಿ ಹಿಂದೆ ಗೋಡೆಗೊರಗಿ ನಿಂತಿದ್ದಳು. ಮುನ್ನೂರು ಜನ ಇರಬಹುದು. ಅರ್ಧಕ್ಕಿಂತ ಹೆಚ್ಚಿನವರು ಆ ಕ್ಯಾಸೆಟ್ಟಿನ ನಂತರ ಹುಟ್ಟಿದವರು. ಅಪ್ಪ ಬಾಯಿ ತೆರೆದಾಗ ಅವಳ ಕಾಲಡಿಯ ಹಲಗೆ ನಡುಗಿತು. ಐವತ್ತೊಂದರ ಗಂಟಲಿನಲ್ಲಿ ಅಂಥ ಬಲ ಉಳಿದಿತ್ತೆಂದು ಅವಳಿಗೆ ಗೊತ್ತಿರಲಿಲ್ಲ. ಸಿಟ್ಟಿದ್ದರೂ ಅವಳಿಗೆ ಹೆಮ್ಮೆಯಾಯಿತು, ಹೆಮ್ಮೆಯಾದದ್ದಕ್ಕೆ ಮತ್ತೆ ಸಿಟ್ಟು ಬಂತು. ಪುಸ್ತಿಕೆ ಓದಿಕೊಂಡು ಬಂದವರು ಏಳೂ ಹಾಡುಗಳನ್ನು ಅವನ ಜೊತೆ ಒದರಿದರು. ಉಗುರು ಬೆಳೆದಿಲ್ಲ, ಬೆರಳು ಹಿಂದೆ ಸರಿದಿದೆ. ಅತ್ತೆಯ ಅಡುಗೆಮನೆಯ ಮಾತು ಮುನ್ನೂರು ಬಾಯಲ್ಲಿ.

ಎಂಟನೆಯದಕ್ಕೆ ಗುಟುರು ಕಣ್ಣು ಮುಚ್ಚಿದ. ಮಾತಿರಲಿಲ್ಲ. ಆ ಮತ್ತು ಓ ನಡುವಿನ ಒಂದು ಮೊರೆತವನ್ನು ಎಳೆದ, ತುಂಡರಿಸಿದ, ಮತ್ತೆ ಎಳೆದ. ವ್ಯತ್ಯಾಸ ಯಾರಿಗೂ ತಿಳಿಯಲಿಲ್ಲ. ಮುಗಿದಾಗ ಅಂದಿನ ಅತಿ ದೊಡ್ಡ ಚಪ್ಪಾಳೆ.

ಮರುದಿನ ಬೆಳಿಗ್ಗೆ ಕಡ್ಡಿ ಪುಸ್ತಿಕೆ ತೆಗೆದುಕೊಂಡು ಅತ್ತೆಯ ಕೋಣೆಗೆ ಹೋದಳು. ಒಂದು ಮಂಚ, ಒಂದು ಒಲೆ, ಕಿಟಕಿಯಾಚೆ ಆಸ್ಪತ್ರೆಯ ನೀರಿನ ಟ್ಯಾಂಕು. ಅಕ್ಕ ಕನ್ನಡಕ ಹಾಕಿಕೊಂಡು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದಳು. ಕೃತಜ್ಞತೆಯ ಸಾಲಿನ ಹತ್ತಿರ ಅವಳ ಬೆರಳು ಸ್ವಲ್ಪ ನಿಂತಿತು.

"ಊಟ ಹಾಕಿದ್ದಂತೂ ನಿಜ," ಎಂದಳು. ಆಮೇಲೆ, "ಎಂಟನೇದು ಹಾಡಿದನಾ?"

"ಹಾಡಿದ. ಮಾತಿಲ್ಲದೆ. ಬರೀ ಸದ್ದು."

"ಜನ?"

"ಎಲ್ಲಕ್ಕಿಂತ ಜಾಸ್ತಿ ಚಪ್ಪಾಳೆ ಅದಕ್ಕೇ."

ಅಕ್ಕ ಪುಸ್ತಿಕೆ ಮುಚ್ಚಿಟ್ಟಳು. ಕಡ್ಡಿ ಆಗ ಇಷ್ಟು ದಿನ ಕೇಳಬೇಕೆಂದಿದ್ದನ್ನು ಕೇಳಿದಳು: ಅಪ್ಪನಿಗೆ ಹೇಳುವುದು ಬೇಡ, ಎಲ್ಲೂ ಬರೆಯುವುದೂ ಬೇಡ, ತನಗೊಬ್ಬಳಿಗೆ ಆ ಹಾಡಿನ ಮಾತು ಹೇಳಬೇಕು.

ಅತ್ತೆ ಎದ್ದು ಒಲೆ ಸಣ್ಣದು ಮಾಡಿ ಬಂದು ಕೂತಳು.

"ನನಗೂ ನೆನಪಿಲ್ಲ ಕಣೇ," ಎಂದಳು. "ಅವತ್ತು ಅವನಿಗೆ ಹಾಗಂದದ್ದು ಸಿಟ್ಟಿಗೆ. ಅದಕ್ಕೂ ಮುಂಚೆ ನಿನಗೆ ನಾಳೆ ನಾಳೆ ಅಂದದ್ದು, ನೆನಪಾಗಬಹುದು ಅಂತ. 'ನೀರು ಬಿಸಿ ಇರಲಿ ಎಂದೆ' ಅಂತ ಶುರು. ಹೆಣಕ್ಕೆ ಯಾರೂ ನೀರು ಕಾಯಿಸಲ್ಲ, ನಾನು ಅವತ್ತು ಕಾಯಿಸೋಕೆ ಹೇಳಿದ್ದೆ. ಅಲ್ಲಿಂದ ಮುಂದೆ ಇಲ್ಲ. ತೊಳೆದದ್ದು ಒಂದೊಂದೂ ನೆನಪಿದೆ. ಬರೆದದ್ದು ಹೋಗಿದೆ."

ಇಬ್ಬರೂ ಫೋನಿನಲ್ಲಿ ಆ ಹಾಡನ್ನು ಐದು ಸಲ ಕೇಳಿದರು. ಮೊದಲ ಸಾಲು ಗೊತ್ತಿದ್ದರಿಂದ ಕೇಳಿಸಿತು. ನಡುವೆ ಒಂದು ಕಡೆ ಅತ್ತೆ, ಅದು 'ಭುಜ' ಇರಬೇಕು, ಅಪ್ಪನ ಭುಜದ ಮೇಲೆ ಹಳೇ ಸುಟ್ಟ ಕಲೆ ಇತ್ತು ಎಂದಳು. ಉಳಿದದ್ದೆಲ್ಲ ತಮ್ಮನ ಗಂಟಲಲ್ಲಿ ಹೂತುಹೋಗಿತ್ತು. ಏನನ್ನು ಕುರಿತು ಬರೆದಿದ್ದೆ ಎಂಬುದು ಇವಳಿಗೆ ಗೊತ್ತು, ಬಾಯಿ ಯಾವ ಪದಕ್ಕೆ ತಿರುಗಿತ್ತು ಎಂಬುದು ಅವನಿಗೆ ನೆನಪಿರಬಹುದು. ಅಕ್ಕ ತಮ್ಮ ಇಬ್ಬರೂ ಒಟ್ಟಿಗೆ ಕೂತು ಕೇಳಿದರೆ ಪೂರ್ತಿ ಸಿಗುತ್ತದೆ ಎಂದು ಕಡ್ಡಿಗೆ ಹೊಳೆಯಿತು. ಹಾಗೆಯೇ ಹೇಳಿದಳು.

"ಸಿಗಬಹುದು," ಎಂದಳು ಅಕ್ಕ. ಪಾಳಿಗೆ ಹೊತ್ತಾಯಿತೆಂದು ಎದ್ದು ಚಪ್ಪಲಿ ಮೆಟ್ಟಿಕೊಂಡಳು. ಅವನಿಗೆ ಹೇಳು ಎಂದೂ ಅನ್ನಲಿಲ್ಲ, ಹೇಳಬೇಡ ಎಂದೂ ಅನ್ನಲಿಲ್ಲ.

ಮಧ್ಯಾಹ್ನದ ಊಟದಲ್ಲಿ ಕಡ್ಡಿ ಅಪ್ಪನಿಗೆ ಹೇಳಿದಳು. ಅತ್ತೆ ಮುಚ್ಚಿಟ್ಟಿರಲಿಲ್ಲ, ಅವಳಿಗೂ ಮರೆತುಹೋಗಿದೆ. ಮೊದಲ ಸಾಲಿನ ಬಿಸಿನೀರು ಮಾತ್ರ ಉಳಿದಿದೆ. ಒಮ್ಮೆ ನೀನು ಹೋಗಿ ಜೊತೆಯಲ್ಲಿ ಕೂತರೆ ಉಳಿದದ್ದು ಸಿಗಬಹುದು. ಇದನ್ನು ಕೇಳಿದರೆ ಅವನು ಕರಗಿ, ಅಂಗಿ ಹಾಕಿಕೊಂಡು ಹೊರಡುತ್ತಾನೆ ಎಂದೇ ಅವಳು ನಂಬಿದ್ದಳು.

ಗುಟುರು ತುತ್ತು ಕೈಯಲ್ಲೇ ಹಿಡಿದು ಕೂತ. ಹಿಂದಿನ ಸಂಜೆಯ ಹಾಡಿಗೆ ಅವನ ಗಂಟಲು ಒಡೆದಿತ್ತು. ಮಾತು ಗಾಳಿಯ ಹಾಗೆ ಹೊರಬಂತು.

"ಅವಳಿಗೂ ನೆನಪಿಲ್ವಾ?"

"ಇಲ್ಲ."

"ಹಾಗಾದರೆ ಅದು ನನ್ನದೇ ಆಯ್ತು," ಎಂದು ಅವನು ಅನ್ನಕ್ಕೆ ತಟ್ಟೆ ಮುಂದೆ ಚಾಚಿದ.